ಯಂತ್ರ ಹೆಚ್ಚಿದೆ

"ಒಂದು," ಎಂದರು ನಂದೀಶ್ವರಯ್ಯ.

ಇದು ಮೂರನೇ ಎಣಿಕೆ. ಮೊದಲನೇ ಸಲ ಬಾಗಿಲಲ್ಲಿ ನಿಂತು ಎಣಿಸಿದ್ದರು. ಎರಡನೇ ಸಲ ಕನ್ನಡಕ ಒರೆಸಿಕೊಂಡು. ಮೂರನೇ ಸಲ ಗರುಡಗಂಬ ಸುತ್ತುವ ಹಾಗೆ ಸುತ್ತಲೂ ಪ್ರದಕ್ಷಿಣೆ ಬಂದು. ಹೇಗೆ ಎಣಿಸಿದರೂ ವೈ.ಎನ್.ಹೊಸಕೋಟೆಯ ಮಹಿಳಾ ಸಂಘದ ಆ ತಗಡಿನ ಶೆಡ್ಡಿನಲ್ಲಿ ಕಡಲೆಕಾಯಿ ಸುಲಿಯುವ ಯಂತ್ರ ಇದ್ದದ್ದು ಒಂದೇ. ಕೈಯಲ್ಲಿದ್ದ ಸರ್ಕಾರಿ ಕಡತದಲ್ಲಿ ಮಾತ್ರ ಐದು.

ಈ ವ್ಯತ್ಯಾಸ ಕಂಡೇ ಬೆಳಿಗ್ಗೆ ಅವರು ಪಾವಗಡದ ಠಾಣೆಗೆ ಫೋನು ಮಾಡಿ "ನಾಲ್ಕು ಯಂತ್ರ ಕಳವು, ಕಳ್ಳ ಒಬ್ಬ ಇಲ್ಲೇ ಇದ್ದಾನೆ" ಎಂದು ಗುಡುಗಿದ್ದು. ಸಂಜೆ ಐದಕ್ಕೆ ಸಬ್‌ಇನ್ಸ್‌ಪೆಕ್ಟರು ಬರುವವರಿದ್ದರು. ಬಂದವರು ಬರಿಗೈಲಿ ಹೋಗುವುದಿಲ್ಲ. ಕಾವಲುಗಾರ ಬೋರಪ್ಪನನ್ನು ಒಯ್ಯುತ್ತಾರೆ. ಈಗ ನಾಲ್ಕೂವರೆ.

ಬೋರಪ್ಪ ಬಾಗಿಲ ಬಳಿ ಕಂಬಳಿ ಮಡಿಸಿಟ್ಟುಕೊಂಡು ಕುಕ್ಕರಗಾಲಲ್ಲಿ ಕೂತಿದ್ದ. ಜೈಲಿನಲ್ಲಿ ಹಾಸಿಗೆ ಕೊಡುತ್ತಾರೋ ಇಲ್ಲವೋ ಎಂದು ಹೆಂಡತಿ ಕ್ಯಾತಮ್ಮ ಆ ಕಂಬಳಿ ತಂದುಕೊಟ್ಟಿದ್ದಳು.

ನಂದೀಶ್ವರಯ್ಯ ಎಂದರೆ ಯಾರೆಂದುಕೊಂಡಿರಿ? ಹಿಂದುಳಿದ ತಾಲ್ಲೂಕುಗಳ ಉದ್ಯಮ ಪ್ರೋತ್ಸಾಹ ಯೋಜನೆಯ ಮೌಲ್ಯಮಾಪನಾಧಿಕಾರಿ. ಕೊರಟಗೆರೆಯಲ್ಲಿ ಹಗ್ಗದ ಎಳೆಯೊಂದನ್ನು ಮೂಸಿ, ನಾರು ಯಾರ ತೋಟದ್ದು, ತೆಂಗಿನ ಮರ ಬಾವಿಯ ಯಾವ ಮಗ್ಗುಲಿನದು ಎಂದು ಹೇಳಿದವರು. ಶಿರಾದಲ್ಲಿ ಮುಚ್ಚಿದ ಕಾರ್ಖಾನೆಯ ಬೀಗದ ತುಕ್ಕನ್ನು ನಾಲಿಗೆಗೆ ತಾಕಿಸಿ, "ಹತ್ತೊಂಬತ್ತು ತಿಂಗಳು, ಮೂರು ದಿನ" ಎಂದವರು. ಅವರ ಜೀಪು ಮಧುಗಿರಿ ದಾಟಿತೆಂದರೆ ನಾಲ್ಕು ತಾಲ್ಲೂಕಿನ ಸುಳ್ಳು ಕಾರ್ಖಾನೆಗಳು ತಾವಾಗಿಯೇ ನಡೆಯಲು ಶುರು ಮಾಡುತ್ತಿದ್ದವು. ಅವರ ಕಣ್ಣಿಗೆ ಬೀಳದ ಕಳ್ಳ ಇನ್ನೂ ತಾಯಿಯ ಹೊಟ್ಟೆಯಲ್ಲೇ ಇದ್ದಾನೆ ಎಂಬ ಮಾತಿತ್ತು. ಆ ಮಾತನ್ನು ಹುಟ್ಟಿಸಿದವರು ಅವರೇ ಎಂಬ ಮಾತೂ ಇತ್ತು.

ಇನ್ನು ಅವರ ರುಜು. ಅದು ರುಜುವಲ್ಲ, ನವಿಲು. 'ನಂ' ಎಂಬುದು ಕೊಕ್ಕು, 'ಶ್ವ' ಎಂಬುದು ಹೊಟ್ಟೆ, ಕೊನೆಯ 'ಯ್ಯ' ಬಾಲ ಬಿಚ್ಚಿ ಕುಣಿದು ಅರ್ಧ ಹಾಳೆ ಆವರಿಸುತ್ತಿತ್ತು. ದಿನಕ್ಕೆ ಇನ್ನೂರು ನವಿಲು ಹಾರಿಸುತ್ತಿದ್ದರು. ಹಾರಿಸುವಾಗ ಅವರ ಕಣ್ಣು ಬಾಲದ ಮೇಲಿರುತ್ತಿತ್ತೇ ಹೊರತು ಕಾಗದದ ಮೇಲಲ್ಲ. ಈ ಶೆಡ್ಡಿನ ಭೇಟಿ ಪುಸ್ತಕದಲ್ಲೂ ಬಂದ ತಕ್ಷಣ ಒಂದು ನವಿಲು ಹಾರಿಸಿದ್ದಾಗಿತ್ತು. ಕ್ಯಾತಮ್ಮ ಅದನ್ನು ರಂಗೋಲಿ ಎಂದುಕೊಂಡು ಕೈ ಮುಗಿದಿದ್ದಳು.

ಅಂಥವರಿಗೆ ಈ ಊರಲ್ಲಿ ಒಂದು ಸರಳ ಪ್ರಶ್ನೆಗೆ ಸರಳ ಉತ್ತರ ಸಿಗುತ್ತಿರಲಿಲ್ಲ.

"ಬೋರಪ್ಪ, ಕೊನೇ ಸಲ ಕೇಳ್ತೀನಿ. ಮೊದಲು ಇಲ್ಲಿ ಎಷ್ಟು ಮಿಷನ್ನಿತ್ತು?"

"ಒಂದೇ ಸೋಮಿ."

"ಆಮೇಲೆ ಹೆಚ್ಚಲಿಲ್ಲವೋ?"

"ಹೆಚ್ತು ಸೋಮಿ. ಸುಳ್ ಯಾಕೇಳ್ಲಿ? ಮೂರ್ ಕಿತ ಹೆಚ್ತು."

"ಹಾಂ! ಹಾಗೆ ದಾರಿಗೆ ಬಾ. ಮೂರು ಸಲ ಹೆಚ್ಚಿದ ಮೇಲೆ ಎಷ್ಟಾಯ್ತು?"

"ಒಂದೇ ಸೋಮಿ."

ನಂದೀಶ್ವರಯ್ಯನವರ ತಲೆಯ ನರವೊಂದು ಹಗ್ಗದಷ್ಟು ದಪ್ಪವಾಯಿತು. "ಒಂದು ಇತ್ತು, ಮೂರು ಸಲ ಹೆಚ್ಚಿತು, ಆದರೂ ಒಂದೇ! ನೀನು ಯಾವ ಇಸ್ಕೂಲಿನಲ್ಲಯ್ಯಾ ಲೆಕ್ಕ ಕಲಿತದ್ದು?"

"ಇಸ್ಕೂಲಿಗೆಲ್ ಓದೆ ಸೋಮಿ? ಕುರಿ ಎಣ್ಸೋದೊಂದ್ ಗೊತ್ತು. ಕುರಿ ಹೆಚ್ಚಾದ್ರೆ ಹೆಚ್ಚಾಗ್ತವೆ. ಇದು ಅಂಗಲ್ಲ, ಹೆಚ್ತು ಅಷ್ಟೇಯ."

"ಹೆಚ್ಚಾಗೋದು ಬೇರೆ, ಹೆಚ್ಚೋದು ಬೇರೆಯೋ?"

"ಬ್ಯಾರೆ ಅಲ್ವರಾ ಮತ್ತೆ?" ಎಂದ ಬೋರಪ್ಪ, ದೊಡ್ಡವರಿಗೆ ಇಷ್ಟೂ ತಿಳಿಯದಲ್ಲ ಎಂಬ ಕನಿಕರದಿಂದ.

ಕ್ಯಾತಮ್ಮ ನಡುವೆ ಬಂದಳು. "ಸಾಮಿ, ನಮ್ಮಾಯಪ್ಪ ದೊಂಗ ಅಲ್ಲ, ಕಳ್ಳ ಅಲ್ಲ ಸಾಮಿ. ಪಕ್ಕದೋರ ಕುರಿ ನಮ್ ಮಂದೇಲಿ ಸೇರ್ಕಂಡ್ರೆ ಮೂರ್ ಮೈಲಿ ನಡ್ದೋಗಿ ಬುಟ್ ಬತ್ತಿದ್ದ. ಮಿಸನ್ ಕದ್ದು ಏನ್ ಮಾಡ್ತಾನೆ? ಉಪ್ಪಾಕಿ ಬೇಯಿಸ್ಕಂಡ್ ತಿಂತಾನಾ?"

"ಲೇ, ಸುಮ್ಕಿರಮ್ಮಿ, ದೊಡ್ಡೋರು ಮಾತಾಡ್ತಾವ್ರೆ."

"ನೀ ಸುಮ್ಕಿದ್ದುದ್ಕೇ ಇಲ್ಲೀಗಂಟ ಬಂದಿರೋದು!"

ಪಕ್ಕದಲ್ಲಿ ನಿಂತಿದ್ದ ಚಂದ್ರಶೇಖರಯ್ಯ ಮೆಲ್ಲಗೆ ಕೆಮ್ಮಿದರು. ಅವರು ಮಧುಗಿರಿ ಕಚೇರಿಯ ವಿಸ್ತರಣಾಧಿಕಾರಿ. ಡ್ರೈವರು ರಜೆ ಹಾಕಿದ್ದಕ್ಕೆ ಜೀಪನ್ನು ತಾವೇ ಓಡಿಸಿಕೊಂಡು ಬಂದವರು. ಮಿತಭಾಷಿ, ವಿನಯವಂತ, ಬಿಳಿ ಷರಟಿನ ಮೇಲೆ ಒಂದು ಕಲೆ ಇಲ್ಲ. ಬಾಯಲ್ಲಿ ಎಲೆಅಡಿಕೆ, ಜೇಬಲ್ಲಿ ಅದರ ಹಿತ್ತಾಳೆ ಡಬ್ಬಿ.

"ಸಾ, ಇವನ ಮಾತು ಬುಡಿ. ಇವನು ಮೂರು ಸಲ ಕಂಬಳಿ ಮುಚ್ಕೊಂಡು ಕಬ್ಬಿಣ ಹೊತ್ತಿದ್ದನ್ನ ಬಸ್‌ಸ್ಟ್ಯಾಂಡ್ ಹೋಟ್ಲಿನೋರು ಕಣ್ಣಾರೆ ನೋಡವ್ರೆ. ಕೇಳಿ ಬೇಕಾದ್ರೆ."

"ಹೌದೇನಯ್ಯಾ?"

"ಹೌದು ಸೋಮಿ. ಒತ್ಕಂಡ್ ಬಂದೆ. ಮಿಸನ್ ಹೆಚ್ತಲ್ಲ, ಅದುಕ್ಕೆ."

"ಹೊತ್ಕೊಂಡು ಬಂದೆಯೋ, ಹೋದೆಯೋ?"

"ಬಂದೆ."

"ಯಂತ್ರ ಹೆಚ್ಚಿದ ಮೇಲೆ ಇನ್ನೂ ಯಾಕಯ್ಯಾ ತರೋದು?"

"ಹೆಚ್ದೆ ಇದ್ರೆ ಯಾಕ್ ತರಾನ ಸೋಮಿ?"

ನಂದೀಶ್ವರಯ್ಯ ಗೋಡೆಗೆ ಒರಗಿದರು. ಮೇ ತಿಂಗಳ ಬಿಸಿಲಿಗೆ ಗೋಡೆ ದೋಸೆ ಹೆಂಚಿನಂತಿತ್ತು. ಬೆನ್ನು ಚುರ್ ಎಂದಿತು. ಎಂಬತ್ತನಾಲ್ಕನೇ ಇಸವಿಯ ಆ ಬೇಸಿಗೆಯಲ್ಲಿ ಸೂರ್ಯ ಬೇರೆ ಊರುಗಳಿಗೆ ಹೋಗಿ ಬರುತ್ತಿದ್ದ, ಹೊಸಕೋಟೆಯಲ್ಲಿ ಮಾತ್ರ ಬಾಡಿಗೆ ಮನೆ ಮಾಡಿಕೊಂಡಿದ್ದ. ಶೆಡ್ಡಿನ ತೂತು ತಗಡಿನಿಂದ ನೆಲದ ಮೇಲೆ ನೂರಾರು ಬೆಳಕಿನ ಬಿಲ್ಲೆಗಳು ಬಿದ್ದಿದ್ದವು. ಬಾಯಿ ಒಣಗಿತ್ತು.

"ಚಂದ್ರಶೇಖರಯ್ಯ, ಒಂದು ಎಲೆ ಕೊಡಿ. ಬಾಯಿಗೆ ಏನಾದರೂ ಬೇಕು, ಇಲ್ಲದಿದ್ದರೆ ಇವನನ್ನೇ ಅಗಿದುಬಿಡ್ತೀನಿ."

ಚಂದ್ರಶೇಖರಯ್ಯ ಜೇಬನ್ನು ತಟ್ಟಿಕೊಂಡರು. "ತುಂಬೈತೆ ಸಾ," ಎಂದರು ವಿಷಾದದಿಂದ. ಡಬ್ಬಿ ಹೊರಕ್ಕೆ ಬರಲೇ ಇಲ್ಲ.

ತುಂಬಿದ ಡಬ್ಬಿ ಇಟ್ಟುಕೊಂಡು ಒಂದೆಲೆ ಕೊಡದ ಜಿಪುಣ! ನಂದೀಶ್ವರಯ್ಯ ಹಲ್ಲು ಕಡಿದರು. ಈ ಸೀಮೆಯ ಒಬ್ಬೊಬ್ಬರೂ ಒಂದೊಂದು ಒಗಟು.

ಅವರ ಸಿಟ್ಟಿಗೆ ಇನ್ನೂ ಒಂದು ಕಾರಣವಿತ್ತು. ಬೆಂಗಳೂರಿನ ಕಚೇರಿಯ ಗೋಡೆಯ ಮೇಲೆ ಒಂದು ದೊಡ್ಡ ನಕ್ಷೆ ತೂಗುತ್ತಿತ್ತು. ಅದರಲ್ಲಿ ಉಳಿದೆಲ್ಲ ಊರುಗಳ ಗೆರೆ ಮಳೆ ಕಾಣದ ಹುರುಳಿಯಂತೆ ನೆಲಕಚ್ಚಿದ್ದರೆ, ಹೊಸಕೋಟೆಯದೊಂದು ಮಾತ್ರ ಮಧುಗಿರಿ ಬೆಟ್ಟದ ಹಾಗೆ ನೆಟ್ಟಗೆ ಏರಿತ್ತು. ಒಂದು ಯಂತ್ರ ಎರಡಾಯಿತು, ಎರಡು ಮೂರು, ಮೂರು ನಾಲ್ಕು, ನಾಲ್ಕು ಐದು. ಒಂದು ವರ್ಷದೊಳಗೆ! ಮಂತ್ರಿಗಳು ಅದಕ್ಕೆ 'ಹೊಸಕೋಟೆ ಮಾದರಿ' ಎಂದು ಹೆಸರಿಟ್ಟಿದ್ದರು. ನಾಲ್ಕು ಯಂತ್ರ ಹೆಚ್ಚಿಸಿದ ಘಟಕಕ್ಕೆ ಹೊಸ ಶೆಡ್ಡು ಕಟ್ಟಲು ನೂರರವತ್ತು ತಗಡಿನ ಪ್ರೋತ್ಸಾಹ ಎಂಬ ನಿಯಮವಿತ್ತಲ್ಲ, ರಾಜ್ಯದಲ್ಲಿ ಅದನ್ನು ಗೆದ್ದದ್ದು ಇದೊಂದೇ ಘಟಕ. ಮುಂದಿನ ವಾರ ಆ ಮಾದರಿಯನ್ನು ಇಡೀ ಜಿಲ್ಲೆಗೆ ಹಂಚುವವರಿದ್ದರು. ಹಂಚುವ ಮೊದಲು ಒಮ್ಮೆ ನೋಡಿ ಬನ್ನಿ ಎಂದು ಇವರನ್ನು ಕಳಿಸಿದ್ದರು.

"ದಾಕ್ಷಾಯಣಮ್ಮನೋರು ಬಂದ್ರು!" ಎಂದಳು ಕ್ಯಾತಮ್ಮ.

ಸಂಘದ ಮೇಲ್ವಿಚಾರಕಿ ದಾಕ್ಷಾಯಣಮ್ಮ ಇಪ್ಪತ್ತೆಂಟು ವರ್ಷ ಮೇಷ್ಟರಾಗಿದ್ದವರು. ಅವರು ಒಳಗೆ ಕಾಲಿಟ್ಟ ಕೂಡಲೇ ಬೋರಪ್ಪ ಎದ್ದು ನಿಂತ, ಚಂದ್ರಶೇಖರಯ್ಯ ಎಲೆ ಉಗುಳಿ ಬಂದರು. ನಂದೀಶ್ವರಯ್ಯನವರಿಗೂ ಯಾಕೋ ಷರಟಿನ ಮೇಲಿನ ಗುಂಡಿ ಹಾಕಿಕೊಳ್ಳಬೇಕು ಅನ್ನಿಸಿತು. ವಿಭೂತಿ ಹಣೆ, ಎರಡು ಕೈ ತುಂಬ ಹಸಿರು ಗಾಜಿನ ಬಳೆ. ಅಂಥದ್ದೇ ಎರಡು ಬಳೆ ಯಂತ್ರದ ಹಿಡಿಕೆಗೂ ತೊಡಿಸಿತ್ತೆಂಬುದನ್ನು ನಂದೀಶ್ವರಯ್ಯ ಆಗಷ್ಟೇ ಗಮನಿಸಿದರು.

"ಇದೇನಮ್ಮ, ಮಿಷನ್ನಿಗೂ ಬಳೆ?"

"ಅನ್ನ ಕೊಡೋದು ಲಕ್ಷ್ಮಿ ಅಲ್ಲವೇ ಸ್ವಾಮಿ? ಮುತ್ತೈದೆ ಕೈ ಬರಿದಾಗಿ ಇರಬಾರದು. ಕೂತ್ಕೊಳ್ಳಿ. ನಮ್ಮ ಬೋರಪ್ಪನ್ನ ಕಳ್ಳ ಅಂದಿರಂತೆ?"

"ನಾನಲ್ಲ, ಕಾಗದ ಅನ್ನುತ್ತೆ." ನಂದೀಶ್ವರಯ್ಯ ಮೇಜಿನ ಮೇಲೆ ನಾಲ್ಕು ಮಾಸಿಕ ವರದಿಗಳನ್ನು ಇಸ್ಪೀಟಿನ ಎಲೆ ಹರಡಿದಂತೆ ಹರಡಿದರು. "ಕಳೆದ ಜೂನ್: 'ಯಂತ್ರ ಹೆಚ್ಚಿದೆ.' ಅಕ್ಟೋಬರ್: 'ಯಂತ್ರ ಹೆಚ್ಚಿದೆ.' ಈ ಜನವರಿ: 'ಯಂತ್ರ ಹೆಚ್ಚಿದೆ.' ಮಾರ್ಚಿ: 'ಯಂತ್ರ ಹೆಚ್ಚಿದೆ.' ಬರೆದವರು ಯಾರು?"

"ನಾನೇ."

"ನಿಜ ತಾನೇ?"

"ಸುಳ್ಳು ಬರೆಯೋ ವಯಸ್ಸೇ ನಂದು?"

"ಹಾಗಾದರೆ ಹೆಚ್ಚಿದ ಯಂತ್ರ ಎಲ್ಲಿ?"

"ಅಗೋ," ಎಂದು ದಾಕ್ಷಾಯಣಮ್ಮ ಇದ್ದ ಒಂದನ್ನೇ ತೋರಿಸಿದರು. "ಅದೇ ಹೆಚ್ಚಿದ್ದು. ಸರಿ ಮಾಡಿಸಿದೆವು. ಈಗ ಚೆನ್ನಾಗಿ ಓಡ್ತಾ ಇದೆ."

"ಹೆಚ್ಚಿದ್ದನ್ನ ಯಾಕಮ್ಮ ಸರಿ ಮಾಡಿಸ್ತೀರಿ?"

"ಹೆಚ್ಚಿದ ಮೇಲೆ ಸರಿ ಮಾಡಿಸದೆ ಬಿಡೋದಕ್ಕಾಗುತ್ತಾ ಸ್ವಾಮಿ? ಊರಿನ ಮೂವತ್ತು ಹೆಂಗಸರ ಹೊಟ್ಟೆಪಾಡು!"

ಅಲ್ಲಿಗೆ ನಂದೀಶ್ವರಯ್ಯನವರ ತಾಳ್ಮೆ ಎಂಬ ತಾಳೆಗರಿ ಚೂರು ಚೂರಾಯಿತು. ಹತ್ತೊಂಬತ್ತು ತಾಲ್ಲೂಕು, ಇನ್ನೂರು ಕಾರ್ಖಾನೆ, ಸಾವಿರ ಸುಳ್ಳುಗಾರರನ್ನು ಕಂಡವರು, ಸತ್ಯ ಹೇಳುತ್ತಿರುವಂತೆ ಕಾಣುವ ಈ ಮೂವರ ಮುಂದೆ ಸೋತು ಸುಣ್ಣವಾದರು.

"ಹೆಚ್ಚಿದೆ ಅಂದರೆ ಹೆಚ್ಚಿದೆ!" ಎಂದು ಕೂಗುತ್ತ, ದಪ್ಪ ಕಡತವನ್ನೆತ್ತಿ ಮೇಜಿಗೆ ಅಪ್ಪಳಿಸಿದರು.

ಸದ್ದಿಗೆ ಅಟ್ಟದ ಪಾರಿವಾಳಗಳು ಆಂಧ್ರದ ಗಡಿ ದಾಟಿದವು. ಕಡತದ ಅಂಚು ಮೇಜಿನ ಮೇಲಿದ್ದ ದಾಕ್ಷಾಯಣಮ್ಮನವರ ಮುಂಗೈಗೆ ತಗುಲಿತು. ಚಿಟ್ ಎಂದಿತು. ಹಸಿರು ಗಾಜಿನ ಎರಡು ಚೂರು ನೆಲಕ್ಕೆ ಉರುಳಿದವು.

"ಅಯ್ಯಯ್ಯೋ ಅಮ್ಮೋರೆ," ಎಂದು ಕ್ಯಾತಮ್ಮ ಓಡಿ ಬಂದಳು, "ಬಳೆ ಹೆಚ್ತು!"

ನಂದೀಶ್ವರಯ್ಯ ಕ್ಷಮೆ ಕೇಳಲು ಬಾಯಿ ತೆರೆದವರು ತೆರೆದೇ ನಿಂತರು.

ಅವರು ದಾಕ್ಷಾಯಣಮ್ಮನವರ ಕೈ ನೋಡಿದರು. ಎಣಿಸಿದರು. ಎಡಗೈಯಲ್ಲಿ ಆರು, ಬಲಗೈಯಲ್ಲಿ ಐದು. ನೆಲದ ಮೇಲಿನ ಚೂರು ನೋಡಿದರು. ಕ್ಯಾತಮ್ಮನ ಬಾಯಿ ನೋಡಿದರು.

"ಏನಂದೆ ನೀನು?"

"ಬಳೆ ಹೆಚ್ತು ಅಂದೆ ಸಾಮಿ."

"ಹೆಚ್ಚಿಲ್ಲ. ಕಡಿಮೆ ಆಗಿದೆ. ಆರಿದ್ದದ್ದು ಐದಾಗಿದೆ. ಒಡೆ..."

"ಬಿಡ್ತು ಅನ್ನಿ!" ಎಂದು ದಾಕ್ಷಾಯಣಮ್ಮ ತರಗತಿಯ ದನಿಯಲ್ಲಿ ಗದರಿದರು. "ಬಳೆಗೆ ಆ ಮಾತು ಆಡ್ತಾರೆಯೇ? ಹೆಚ್ಚಿತು ಅನ್ನಬೇಕು. ಯಾವ ಮನೇಲಿ ಬೆಳೆದವರು ನೀವು?"

ಯಾವ ಮನೆಯಲ್ಲೂ ಅಲ್ಲ; ಅದೇ ಬಂದ ತೊಂದರೆ. ನಂದೀಶ್ವರಯ್ಯ ಐದನೇ ವಯಸ್ಸಿಗೇ ಮಠದ ಉಚಿತ ಹಾಸ್ಟೆಲ್ಲಿಗೆ ಸೇರಿದವರು. ಆರುನೂರು ಹುಡುಗರು, ಒಬ್ಬ ಮೀಸೆ ಭಟ್ಟ. ಅನ್ನ ಮುಗಿದರೆ ಕೊಳಗ ಬೋರಲು ಹಾಕಿ ಸೌಟಿನಿಂದ ಬಡಿದು "ಖಾಲಿ!" ಎನ್ನುತ್ತಿದ್ದ. ಆಮೇಲೆ ಖಾನಾವಳಿ. ಮದುವೆ ಎಂಬುದನ್ನು ಪರಿಶೀಲನೆಯಲ್ಲೇ ಇಟ್ಟು ನಲವತ್ತಾರು ವರ್ಷ ಕಳೆದಿದ್ದರು. ಹೆಣ್ಣುಮಕ್ಕಳು ಆಳುವ ಅಡುಗೆಮನೆಯ ಹೊಸ್ತಿಲನ್ನು ಅವರ ಜಗತ್ಪ್ರಸಿದ್ಧ ಪತ್ತೇದಾರಿಕೆ ಒಮ್ಮೆಯೂ ದಾಟಿರಲಿಲ್ಲ.

"ಬಿಡ್ತು," ಎಂದರು ಮೊದಲ ಸಲ, ತೀರ ಸಣ್ಣ ದನಿಯಲ್ಲಿ. "ಹಾಗಾದರೆ... ಯಂತ್ರ ಹೆಚ್ಚಿದೆ ಅಂದರೆ?"

"ಬೀಡುಕಬ್ಬಿಣದ ಚಕ್ರ. ಕಡಲೆಕಾಯಿ ಜೊತೆ ಕಲ್ಲು ಸಿಕ್ಕಿಕೊಂಡಾಗ ಅದು... ಹೆಚ್ಚುತ್ತೆ. ಬಳೆ ತೊಟ್ಟ ಲಕ್ಷ್ಮಿಗೆ ಇನ್ನೇನಂತ ಬರೆಯಲಿ ನಾನು? ಬೋರಪ್ಪ ಶಿರಾಕ್ಕೆ ಹೋಗಿ ಹೊಸದು ಎರಕ ಹುಯ್ಯಿಸಿಕೊಂಡು ತಲೆ ಮೇಲೆ ಹೊತ್ತು ತರ್ತಿದ್ದ. ಹೊಸ ಚಕ್ರಕ್ಕೆ ದೃಷ್ಟಿ ತಾಕಬಾರದು ಅಂತ ಕಂಬಳಿ ಮುಚ್ಚಿಕೊಂಡು ಬಾ ಅಂದಿದ್ದವಳೂ ನಾನೇ."

"ಅದುನ್ನೇ ಅಲ್ವರಾ ಬೆಳಗಿಂದ ಬಡ್ಕಂತಿರೋದು?" ಎಂದ ಬೋರಪ್ಪ.

ದಾಕ್ಷಾಯಣಮ್ಮ ಮೂಲೆಗೆ ಹೋಗಿ ಅರಿಸಿನದ ಬಟ್ಟೆಯ ಗಂಟೊಂದನ್ನು ಬಿಚ್ಚಿದರು. ಲಕ್ಷ್ಮಿಯ ತುಂಡನ್ನು ತಿಪ್ಪೆಗೆ ಎಸೆಯಲಾಗದೆ ಜೋಪಾನ ಮಾಡಿದ್ದರು. ಒಳಗೆ ಎರಡೆರಡು ಹೋಳಾದ ಬೀಡಿನ ಚಕ್ರಗಳು.

ನಂದೀಶ್ವರಯ್ಯನವರ ಕಣ್ಣ ಮುಂದೆ ಇಡೀ ಕಥೆ ಬಿಚ್ಚಿಕೊಂಡಿತು. ದಾಕ್ಷಾಯಣಮ್ಮ ಭಕ್ತಿಯಿಂದ 'ಯಂತ್ರ ಹೆಚ್ಚಿದೆ' ಎಂದು ಬರೆದರು. ಮಧುಗಿರಿ ಕಚೇರಿ ಅದನ್ನು ಇಂಗ್ಲಿಷಿಗೆ ತಿರುಗಿಸಿ 'ಮೆಷಿನರಿ ಇನ್‌ಕ್ರೀಸ್ಡ್' ಎಂದು ಬೆಂಗಳೂರಿಗೆ ಕಳಿಸಿತು. ಬೆಂಗಳೂರು ಗೆರೆಯನ್ನು ಒಂದು ಮೊಳ ಮೇಲಕ್ಕೆಳೆಯಿತು. ಇಲ್ಲಿ ಚಕ್ರ ಹೋಳಾದ ಹಾಗೆಲ್ಲ ಅಲ್ಲಿ ಊರು ಉದ್ಧಾರವಾಯಿತು. ಇನ್ನು ನಾಲ್ಕು ಸಲ ಕೆಟ್ಟಿದ್ದರೆ ಹೊಸಕೋಟೆ ಬೊಂಬಾಯಿಯನ್ನೇ ಹಿಂದೆ ಹಾಕುತ್ತಿತ್ತು!

ಇಂಥ ಮಾದರಿಯನ್ನು ಮುಂದಿನ ವಾರ ಜಿಲ್ಲೆಗೆಲ್ಲ ಹಂಚುತ್ತಾರಂತೆ.

"'ಕಚ್ಚಾ ಮಾಲು ತುಂಬಿದೆ' ಅಂತ ಬರೆದಿದ್ದೀರಲ್ಲ, ಅದು?" ಎಂದು ಕೇಳಿದರು, ಉತ್ತರಕ್ಕೆ ಹೆದರುತ್ತ.

"ಕಾಯಿ ಮುಗಿ... ನೋಡಿ, ನನ್ನ ಬಾಯಲ್ಲೇ ಬರಿಸ್ತೀರಿ! ಅಕ್ಕಿ, ಎಣ್ಣೆ, ಕಾಳು, ಯಾವುದಕ್ಕೂ ಇಲ್ಲ ಅನ್ನಬಾರದು ಸ್ವಾಮಿ, ಅಸ್ತು ದೇವತೆಗಳು ಓಡಾಡ್ತಿರ್ತಾರೆ. ತುಂಬಿದೆ ಅನ್ನಬೇಕು."

ತುಂಬಿದೆ. ಹಲ್ಲಿನ ಸಂದಿಯಲ್ಲಿ ಕಡಲೆಕಾಯಿ ಸಿಪ್ಪೆ ಸಿಕ್ಕಿಕೊಂಡಂತೆ ಏನೋ ಒಂದು ನಂದೀಶ್ವರಯ್ಯನವರ ತಲೆಯಲ್ಲಿ ಸಿಕ್ಕಿಕೊಂಡಿತು. ನಾಲಿಗೆಗೆ ಎಟುಕಲಿಲ್ಲ.

"ಅಯ್ಯೋ ರಾಮನೆ," ಎಂದು ಚಂದ್ರಶೇಖರಯ್ಯ ಹಣೆ ಚಚ್ಚಿಕೊಂಡರು. "ಎಂಥಾ ಅಚಾತುರ್ಯ ಆಗೋಯ್ತು ಸಾ! ನಾವು ಆಫೀಸ್ ಕನ್ನಡದೋರು, ಮನೆ ಕನ್ನಡ ನಮಗೆ ಹೆಂಗೆ ಗೊತ್ತಾಗ್ಬೇಕು? ಹೋಗ್ಲಿ ಬುಡಿ. ತಪ್ಪು ತಿಳುವಳಿಕೆ ಅಂತ ಬರ್ದು ಮುಗಿಸ್ಬುಡಿ. ಬೋರಪ್ಪನೂ ಮನೆಗೆ ಹೋಗ್ಲಿ, ನಾವೂ ಹೋಗಾನ."

ಬೋರಪ್ಪನ ಮುಖ ಅರಳಿತು. ಕ್ಯಾತಮ್ಮ ಕಂಬಳಿಯನ್ನು ಎತ್ತಿ ಹೆಗಲಿಗೆ ಹಾಕಿಕೊಂಡೂ ಆಯಿತು.

ನಂದೀಶ್ವರಯ್ಯ ಪೆನ್ನು ತೆಗೆದರು. ನವಿಲು ಹಾರಲು ಸಿದ್ಧವಾಯಿತು. ಅಷ್ಟರಲ್ಲಿ ಅವರ ಕಣ್ಣು ಅಭ್ಯಾಸಬಲದಿಂದ ಅರಿಸಿನದ ಬಟ್ಟೆಯ ಮೇಲಿನದನ್ನು ಎಣಿಸಿತು.

ಚಕ್ರ ಮೂರು.

ಮೇಜಿನ ಮೇಲಿನ ವರದಿ ನಾಲ್ಕು.

"ಬೋರಪ್ಪ, ಎಷ್ಟು ಸಲ ಹೆಚ್ಚಿತು ಅಂದೆ?"

"ಮೂರ್ ಕಿತ ಸೋಮಿ. ಆಗ್ಲೇ ಯೋಳಿದ್ನಲ್ಲ."

"ಅಮ್ಮಾ, ಈ ಮಾರ್ಚಿ ತಿಂಗಳದ್ದು ಸರಿಯಾಗಿ ನೋಡಿ."

ದಾಕ್ಷಾಯಣಮ್ಮ ಹಾಳೆಯನ್ನು ತೂತಿನ ಬೆಳಕಿಗೆ ಹಿಡಿದರು. ಹುಬ್ಬು ಗಂಟಿಕ್ಕಿತು. "ಅಕ್ಷರ ನನ್ನದರ ಹಾಗೇ ಇದೆ. ಆದರೆ ಇದು ನಂದಲ್ಲ. ಮೇಲೆ 'ಶ್ರೀ' ಎಲ್ಲಿ? ಶ್ರೀಕಾರ ಹಾಕದೆ ನಾನು ಹಾಲಿನವನಿಗೆ ಚೀಟಿ ಕೂಡ ಬರೆಯೋಳಲ್ಲ."

ಉಳಿದ ಮೂರರ ನೆತ್ತಿಯ ಮೇಲೂ ದುಂಡನೆಯ ಶ್ರೀಕಾರ ಕೂತಿತ್ತು. ನಾಲ್ಕನೆಯದರ ನೆತ್ತಿ ಬೋಳು.

"ತಗಡು ಬಂತೇ ನಿಮಗೆ? ಏಪ್ರಿಲಿನಲ್ಲಿ, ನೂರರವತ್ತು?"

"ಯಾವ ತಗಡು ಸ್ವಾಮಿ?" ದಾಕ್ಷಾಯಣಮ್ಮ ತಲೆ ಮೇಲಿನ ನೂರು ತೂತನ್ನು ನೋಡಿದರು. "ಬಂದಿದ್ದರೆ ಹೀಗಿರುತ್ತಿತ್ತೇ ಸೂರು?"

ನಂದೀಶ್ವರಯ್ಯ ಬೆರಳು ಮಡಿಸಿ ಲೆಕ್ಕ ಹಾಕಿದರು.

ನಾಲ್ಕು ಹೆಚ್ಚಳವಾದರೆ ತಗಡು, ಮೂರಕ್ಕೆ ಇಲ್ಲ. ಯಾರಿಗೋ ನಾಲ್ಕನೆಯದು ಬೇಕಾಗಿತ್ತು. ಆ ಯಾರೋ ದಾಕ್ಷಾಯಣಮ್ಮನವರ ಅಕ್ಷರ ಬಲ್ಲವನು. ಅಷ್ಟೇ ಅಲ್ಲ, ಈ ಶೆಡ್ಡಿಗೆ ಯಾರೂ ಹೊಸ ಯಂತ್ರ ಹುಡುಕಿಕೊಂಡು ಬರುವುದಿಲ್ಲ, ಬಂದರೂ ಬೈಗುಳ ಬೀಳುವುದು ಮುದುಕಿಯ ಮಡಿಮಾತಿಗೆ ಎಂದು ಲೆಕ್ಕ ಹಾಕಿದವನು. ಎಂದರೆ 'ಹೆಚ್ಚಿದೆ' ಎಂಬ ಮಾತಿನ ಒಳಹೊರಗು ಎರಡೂ ಬಲ್ಲವನು. ಮನೆ ಕನ್ನಡವೂ ಗೊತ್ತು, ಆಫೀಸು ಕನ್ನಡವೂ ಗೊತ್ತು.

ಹಲ್ಲಿನ ಸಂದಿಯ ಸಿಪ್ಪೆ ಫಕ್ಕನೆ ನಾಲಿಗೆಗೆ ಸಿಕ್ಕಿತು.

ನಂದೀಶ್ವರಯ್ಯ ಆಕಳಿಸಿದರು. ಇಡೀ ಜಿಲ್ಲೆಯಲ್ಲೇ ಅಷ್ಟು ಉದಾಸೀನದ ಆಕಳಿಕೆ ಯಾರೂ ಆಕಳಿಸಿರಲಾರರು. "ತಲೆ ನೋಯ್ತಾ ಇದೆ. ಚಂದ್ರಶೇಖರಯ್ಯ, ಈಗಲಾದರೂ ಒಂದೆಲೆ ಕೊಡ್ರಿ ಮಾರಾಯರೆ."

ಚಂದ್ರಶೇಖರಯ್ಯನವರ ಮನಸ್ಸು ನಾಲ್ಕನೇ ವರದಿಯ ಮೇಲಿತ್ತು. ಕೈ ತಾನಾಗಿಯೇ ಜೇಬಿಗೆ ಹೋಗಿ ಹಿತ್ತಾಳೆ ಡಬ್ಬಿ ತೆಗೆಯಿತು, ಮುಚ್ಚಳ ತೆರೆಯಿತು, ಸಾಹೇಬರತ್ತ ಹಿಡಿಯಿತು. ಬಾಯಿಯೂ ತಾನಾಗಿಯೇ ಆಡಿತು.

"ಆಗ್ಲೇ ಹೇಳಿದ್ನಲ್ಲ ಸಾ, ತುಂಬೈತೆ."

ಡಬ್ಬಿಯೊಳಗೆ ಒಣಗಿದ ಸುಣ್ಣದ ಕಲೆ ಬಿಟ್ಟರೆ ಏನೂ ಇರಲಿಲ್ಲ.

ದಾಕ್ಷಾಯಣಮ್ಮ ಡಬ್ಬಿಯನ್ನು ನೋಡಿದರು. ಆಮೇಲೆ ಚಂದ್ರಶೇಖರಯ್ಯನವರನ್ನು ನೋಡಿದರು. ಮಗ್ಗಿ ತಪ್ಪಿದ ಹುಡುಗನನ್ನು ನೋಡುವ ಹಾಗೆ.

"ಒಳ್ಳೇ ಮನೆ ಕನ್ನಡ ಚಂದ್ರಶೇಖರಯ್ಯ," ಎಂದರು ನಂದೀಶ್ವರಯ್ಯ. "ತಾಯಿ ಕಲಿಸಿದ್ದೋ?"

ಬಿಳಿ ಷರಟಿನ ಕಂಕುಳಲ್ಲಿ ಬೆವರು ಹರಡಿತು. ಆದರೆ ಮುಖ ಬೆವರಲಿಲ್ಲ. ಚಂದ್ರಶೇಖರಯ್ಯ ಡಬ್ಬಿಯನ್ನು ಮೇಜಿನ ಮೇಲಿಟ್ಟರು. ದನಿಯಲ್ಲಿ ವಿನಯ ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ.

"ತಾಯೀನೇ ಸಾ. ಡಬ್ಬಿ ತೋರಿಸಿ ಯಾವ ಕೋರ್ಟು ಶಿಕ್ಷೆ ಕೊಡ್ತದೆ? ನೀವು ನಾಲ್ಕನೇ ಕಾಗದದ ಈ ಮಗ್ಗುಲು ಮಾತ್ರ ನೋಡಿದ್ರಿ. ಆ ಮಗ್ಗುಲು ನೋಡಿಲ್ಲ."

"ಆ ಮಗ್ಗುಲಲ್ಲಿ ಏನಿದೆ?"

"ಬರೀ ಕಾಗದಕ್ಕೆ ತಗಡು ಬರಲ್ಲ ಸಾ. ಮೇಲಿನೋರು ಒಬ್ರು ಕಣ್ಣಾರೆ ಯಂತ್ರ ಎಣಿಸಿ ದೃಢೀಕರಿಸ್ಬೇಕು. ಎಣಿಸವ್ರೆ. ತಿರುಗಿಸಿ."

ದೂರದಲ್ಲಿ ಬುಲೆಟ್ ಮೋಟಾರುಬೈಕಿನ ಸದ್ದು ಕೇಳಿಸಿತು. ಪಾವಗಡದ ರಸ್ತೆಯಿಂದ.

ನಂದೀಶ್ವರಯ್ಯ ಹಾಳೆ ತಿರುಗಿಸಿದರು.

'ಖುದ್ದಾಗಿ ಪರಿಶೀಲಿಸಲಾಗಿದೆ. ಐದು ಯಂತ್ರಗಳು ಸ್ಥಳದಲ್ಲಿವೆ.' ತಾರೀಕು ಮಾರ್ಚಿ ಮೂವತ್ತೊಂದು. ಸರ್ಕಾರಿ ಲೆಕ್ಕದ ವರ್ಷದ ಕೊನೆಯ ದಿನ. ಬೆಂಗಳೂರಿನ ಮೇಜಿನ ಮೇಲೆ ಕಾಗದದ ಬೆಟ್ಟವೇ ಬಂದು ಬಿದ್ದ ದಿನ. ಅದರ ಕೆಳಗೆ, ಕೊಕ್ಕೆತ್ತಿ, ಹೊಟ್ಟೆ ಉಬ್ಬಿಸಿ, ಅರ್ಧ ಹಾಳೆಯ ತುಂಬ ಬಾಲ ಬಿಚ್ಚಿ ಕುಣಿಯುತ್ತಿತ್ತು ಒಂದು ನವಿಲು.

ನಾಲ್ಕು ತಾಲ್ಲೂಕಿನಲ್ಲಿ ಅದನ್ನು ನಕಲು ಮಾಡಬಲ್ಲ ಕೈ ಇನ್ನೂ ಹುಟ್ಟಿರಲಿಲ್ಲ. ಅದನ್ನೂ ಅವರೇ ಹೇಳಿಕೊಂಡು ತಿರುಗಿದ್ದರು.

"ನಾನು ತಪ್ಪು ತಿಳುವಳಿಕೆ ಅಂತ ಬರ್ದು ಮುಗಿಸಾನ ಅಂದದ್ದು ನಿಮ್ಮ ಮರ್ಯಾದೆಗೇ ಸಾ," ಎಂದರು ಚಂದ್ರಶೇಖರಯ್ಯ, ಮೆತ್ತಗೆ. "ನೀವು ಬೆಳಿಗ್ಗೆ ಕಳವು ಅಂತ ಫೋನ್ ಮಾಡಿದೋರು. ಅವರು ಬಂದ ಮೇಲೆ ಯಾರ್ನಾದ್ರೂ ಕೊಡ್ಲೇಬೇಕು. ಬೋರಪ್ಪನ್ನ ಕೊಟ್ರೆ ಮೂರು ತಿಂಗ್ಳು. ನನ್ನ ಕೊಟ್ರೆ, ನವಿಲೂ ಜೊತೇಲೇ ಬರ್ತದೆ."

ಬುಲೆಟ್ಟು ಶೆಡ್ಡಿನ ಮುಂದೆ ಬಂದು ನಿಂತು ಎರಡು ಸಲ ಗುಡುಗಿ ಸುಮ್ಮನಾಯಿತು. ಬೂಟಿನ ಸದ್ದು. ಬೋರಪ್ಪ ಹೆಂಡತಿಯ ಹೆಗಲಿಂದ ಕಂಬಳಿಯನ್ನು ತಿರುಗಿ ತನ್ನ ಹೆಗಲಿಗೆ ಹಾಕಿಕೊಂಡ. ಯಾರೂ ಹೇಳದಿದ್ದರೂ.

"ನಮಸ್ಕಾರ ಸಾರ್," ಎಂದರು ಸಬ್‌ಇನ್ಸ್‌ಪೆಕ್ಟರು, ಟೋಪಿ ತೆಗೆದು ಹಣೆ ಒರೆಸಿಕೊಳ್ಳುತ್ತ. "ಎಲ್ಲಿ ನಿಮ್ಮ ಕಳ್ಳ?"

ಚಂದ್ರಶೇಖರಯ್ಯ ಬೋರಪ್ಪನ ಕಡೆ ನೋಡಿದರು. ಕ್ಯಾತಮ್ಮ ನಂದೀಶ್ವರಯ್ಯನವರ ಕಡೆ ನೋಡಿದಳು. ದಾಕ್ಷಾಯಣಮ್ಮ ಯಾರ ಕಡೆಯೂ ನೋಡದೆ, ನೆಲದ ಮೇಲಿನ ಹಸಿರು ಬಳೆಚೂರನ್ನು ಆರಿಸಿ ಅರಿಸಿನದ ಬಟ್ಟೆಯಲ್ಲಿ ಇಟ್ಟರು.

ನಂದೀಶ್ವರಯ್ಯ ನವಿಲಿನ ಮೇಲೆ ಮುಚ್ಚಿಟ್ಟಿದ್ದ ಅಂಗೈಯನ್ನು ಒಂದೊಂದೇ ಬೆರಳಾಗಿ ಎತ್ತಿದರು.

"ಬೆಳಿಗ್ಗೆ ಒಬ್ಬ ಅಂದಿದ್ದೆ," ಎಂದರು. "ಈಗ ಹೆಚ್ಚಿದ್ದಾರೆ."